ಅಂಗಡಿಯ ಎರಡನೇ ಬಾಗಿಲು

ಅಂಗಡಿಯ ಬಾಗಿಲು ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ರಾತ್ರಿ ಒಂಬತ್ತಕ್ಕೆ ಮುಚ್ಚುತ್ತದೆ. ಅದೇ ಅಂಗಡಿಗೆ ಈಗ ಇನ್ನೊಂದು ಬಾಗಿಲಿದೆ. ಅದು ಹಗಲೂ ರಾತ್ರಿಯೂ ತೆರೆದೇ ಇರುತ್ತದೆ. ಅಲ್ಲಿ ಯಾರು ಬಂದರು, ಏನು ಕೇಳಿದರು, ಉತ್ತರ ಸಿಗದೆ ಬೇಸರಪಟ್ಟು ಹೋದರೇ ಎಂಬುದು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಯಜಮಾನರಿಗೆ ತಿಳಿಯುವುದೇ ಇಲ್ಲ. ಏಕೆಂದರೆ ಆ ಬಾಗಿಲಿನ ಬೀಗದ ಕೈ ಬಹಳಷ್ಟು ಮನೆಗಳಲ್ಲಿ ಕಾಲೇಜಿಗೆ ಹೋಗುವ ಮಗನ ಇಲ್ಲವೇ ಮಗಳ ಕೈಯಲ್ಲಿದೆ.

ಆ ಎರಡನೇ ಬಾಗಿಲೇ ಸಾಮಾಜಿಕ ಜಾಲತಾಣ. ಹಳೇ ಯಲಹಂಕದ ಬೀದಿಗಳಲ್ಲಿ, ಯಶವಂತಪುರದ ಮಾರುಕಟ್ಟೆಯ ಸುತ್ತಮುತ್ತ, ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ, ಹೆಬ್ಬಾಳ ಮೇಲುಸೇತುವೆಯ ಆಚೀಚೆಯ ಬಡಾವಣೆಗಳಲ್ಲಿ ಒಮ್ಮೆ ನಡೆದು ನೋಡಿ. ರವಿಕೆ ಹೊಲಿಯುವವರು, ಚಟ್ನಿಪುಡಿ ಮಾಡುವವರು, ಮನೆಯಲ್ಲೇ ಕೇಕ್ ತಯಾರಿಸುವವರು, ಹೂವಿನ ಗಿಡ ಮಾರುವವರು, ಎಲ್ಲರ ಫಲಕದ ಮೇಲೂ ಒಂದು ವಾಟ್ಸಾಪ್ ಸಂಖ್ಯೆ ಕಾಣುತ್ತದೆ. ಕೆಲವರದರಲ್ಲಿ ಇನ್‌ಸ್ಟಾಗ್ರಾಂ ಖಾತೆಯ ಹೆಸರೂ ಇರುತ್ತದೆ. ಹಿಂದೆ ಗೋಡೆ ಬರಹ, ದಿನಪತ್ರಿಕೆಯೊಳಗೆ ಸೇರಿಸುತ್ತಿದ್ದ ಕರಪತ್ರ, ಆಟೋಗೆ ಕಟ್ಟಿದ ಧ್ವನಿವರ್ಧಕ ಮಾಡುತ್ತಿದ್ದ ಕೆಲಸವನ್ನು ಈಗ ಅಂಗೈಯಗಲದ ಫೋನು ಮಾಡುತ್ತಿದೆ.

ಆದರೆ ಕರಪತ್ರಕ್ಕೂ ಫೋನಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕರಪತ್ರ ಹಂಚಿದ ಮೇಲೆ ಕೆಲಸ ಮುಗಿಯಿತು. ಜಾಲತಾಣದಲ್ಲಿ ಕೆಲಸ ಶುರುವಾಗುವುದೇ ಹಂಚಿದ ಮೇಲೆ. ಕೇಳಿದವರಿಗೆ ಉತ್ತರಿಸಬೇಕು, ದೂರಿದವರನ್ನು ಸಮಾಧಾನಪಡಿಸಬೇಕು, ಬಂದವರು ಮತ್ತೆ ಬರುವಂತೆ ನೋಡಿಕೊಳ್ಳಬೇಕು. ಇದನ್ನು ಅರಿಯದೆ ಕೇವಲ ಚಿತ್ರ ಹಾಕುತ್ತ ಹೋದರೆ ಮಕ್ಕಳ ಓದಿನ ಸಮಯ ಕರಗುತ್ತದೆ, ವ್ಯಾಪಾರ ಮಾತ್ರ ಇದ್ದಲ್ಲೇ ಇರುತ್ತದೆ.

ತೋರಿಸುವುದು ಯಾರಿಗೆ?

ಮೊದಲು ಈ ಯಂತ್ರ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯೋಣ. ಇನ್‌ಸ್ಟಾಗ್ರಾಂ ಅಥವಾ ಫೇಸ್‌ಬುಕ್‌ನಲ್ಲಿ ಒಂದು ಚಿತ್ರ ಹಾಕಿದರೆ ಅದು ಖಾತೆಯನ್ನು ಹಿಂಬಾಲಿಸುವ ಎಲ್ಲರಿಗೂ ತಾನಾಗಿ ಕಾಣುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಯಾರ ಮುಂದೆ ಯಾವುದನ್ನು ಮೊದಲು ಇಡಬೇಕೆಂದು ಗಣಕಯಂತ್ರದ ಒಂದು ಲೆಕ್ಕಾಚಾರ ನಿರ್ಧರಿಸುತ್ತದೆ. ಇದಕ್ಕೆ ಅಲ್ಗಾರಿದಂ ಎಂದು ಹೆಸರು. ನೋಡುಗ ಹಿಂದೆ ಏನನ್ನು ಮೆಚ್ಚಿದ್ದ, ಎಷ್ಟು ಹೊತ್ತು ನಿಂತು ನೋಡಿದ, ಯಾರಿಗೆ ಉತ್ತರ ಬರೆದ, ಯಾವುದನ್ನು ಗೆಳೆಯರಿಗೆ ಕಳುಹಿಸಿದ ಎಂಬುದೆಲ್ಲ ಈ ಲೆಕ್ಕಕ್ಕೆ ಸೇರುತ್ತದೆ. ಜನ ನಿಂತು ನೋಡುವಂಥದ್ದು ಇನ್ನಷ್ಟು ಜನರಿಗೆ ಹೋಗುತ್ತದೆ. ಸರಿಸಿ ಮುಂದೆ ಹೋಗುವಂಥದ್ದು ಅಲ್ಲೇ ಉಳಿಯುತ್ತದೆ.

ಈ ಲೆಕ್ಕಾಚಾರದ ಉದ್ದೇಶ ಜನರನ್ನು ಪರದೆಯ ಮುಂದೆ ಹೆಚ್ಚು ಹೊತ್ತು ಕೂರಿಸುವುದು. ಏಕೆಂದರೆ ಈ ಎರಡೂ ತಾಣಗಳ ಒಡೆತನ ಹೊಂದಿರುವ ಮೆಟಾ ಕಂಪನಿಯ ವರಮಾನದ ಬಹುಪಾಲು ಜಾಹೀರಾತಿನಿಂದ ಬರುತ್ತದೆ. ಯಲಹಂಕದ ಚಟ್ನಿಪುಡಿ ಯಲಹಂಕದಲ್ಲೇ ಮಾರಾಟವಾಗಬೇಕೆಂಬುದು ಅಂಗಡಿಯವರ ಆಸೆ. ಯಂತ್ರಕ್ಕೆ ಆ ಆಸೆಯಿಲ್ಲ. ಎರಡೂ ಕೆಲವೊಮ್ಮೆ ಒಂದೇ ದಾರಿಯಲ್ಲಿ ಹೋಗುತ್ತವೆ, ಕೆಲವೊಮ್ಮೆ ಹೋಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಮೂರು ಪ್ರಸಂಗಗಳು

ನಡೆದ ಮೂರು ಘಟನೆಗಳು ಇಲ್ಲಿ ಪಾಠ ಹೇಳಬಲ್ಲವು.

ಮೊದಲನೆಯದು ನಮ್ಮ ಗಡಿಯದು. ಚಾಮರಾಜನಗರಕ್ಕೆ ಅಂಟಿಕೊಂಡಂತಿರುವ, ಕನ್ನಡ ಮಾತನಾಡುವವರು ಬಹಳವಾಗಿರುವ ತಾಳವಾಡಿ ತಮಿಳುನಾಡಿನ ಈರೋಡ್ ಜಿಲ್ಲೆಗೆ ಸೇರಿದೆ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಅಲ್ಲಿಯ ರೈತ ಕಣ್ಣಯ್ಯನ್ ಸುಬ್ರಮಣಿಯಂ ಅವರ ಎಲೆಕೋಸು ಕೊಳ್ಳುವವರಿಲ್ಲದೆ ಹೊಲದಲ್ಲೇ ನಿಂತಿತ್ತು. ಅವರು ಹೊಲದಲ್ಲೇ ವಿಡಿಯೋ ಮಾಡಿ ಟ್ವಿಟರ್‌ಗೆ ಹಾಕಿದರು. ಅದನ್ನು ನೋಡಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅವರು ಸುಮಾರು 100 ಟನ್ ಎಲೆಕೋಸು ಕೊಂಡು ತಮ್ಮ ಕ್ಷೇತ್ರದಲ್ಲಿ ಹಂಚಿಸಿದರು. ಸಂಗೀತವಿಲ್ಲ, ಅಲಂಕಾರವಿಲ್ಲ. ಬೆಳೆ ಕಣ್ಣಿಗೆ ಕಾಣುತ್ತಿತ್ತು, ಬೆಳೆದವರು ತಾವೇ ಮಾತನಾಡಿದ್ದರು. ನಂಬಿಕೆ ಹುಟ್ಟಲು ಅಷ್ಟು ಸಾಕಾಯಿತು.

ಎರಡನೆಯದು ಉತ್ತರ ಕನ್ನಡ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳದು. 2021ರ ಕೊರೊನಾ ದಿನಗಳಲ್ಲಿ ಅಲ್ಲಿಯ ಗೃಹಿಣಿಯರು ಬಾಳೆಕಾಯಿಯನ್ನು ಹೆಚ್ಚಿ ಒಣಗಿಸಿ ಹುಡಿ ಮಾಡತೊಡಗಿದರು. ‘ಬಾಳೆಕಾಯಿ ಹುಡಿ’ಯ ಅಕ್ಷರಗಳನ್ನೇ ಆಯ್ದು ‘ಬಾಕಾಹು’ ಎಂಬ ಪುಟ್ಟ ಹೆಸರು ಬಂತು. ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ ಅವರು ಇದನ್ನು ಜನರ ಮುಂದಿಟ್ಟವರಲ್ಲಿ ಪ್ರಮುಖರು. ಮಹಿಳೆಯರು ಹುಡಿಯ ಚಿತ್ರ ಹಾಕಿ ಸುಮ್ಮನಾಗಲಿಲ್ಲ. ಆ ಹುಡಿಯಿಂದ ದೋಸೆ, ಜಾಮೂನು ಮಾಡಿ ಅವುಗಳ ಚಿತ್ರಗಳನ್ನು ಜಾಲತಾಣಗಳಲ್ಲಿ ಹಂಚಿಕೊಂಡರು. ಹುಡಿ ಎಂದರೆ ನೋಡುವವರಿಗೆ ಅದು ಮತ್ತೊಂದು ಹಿಟ್ಟು. ದೋಸೆ ಎಂದರೆ ತಮ್ಮ ಕಾವಲಿಯ ಮೇಲೂ ಹುಯ್ಯಬಹುದಾದ ಪದಾರ್ಥ. ಬೇಡಿಕೆ ಬೆಳೆಯಿತು. 2021ರ ಜುಲೈ 25ರ ‘ಮನ್ ಕೀ ಬಾತ್’ ಭಾಷಣದಲ್ಲಿ ಪ್ರಧಾನಿಯವರೂ ಈ ಮಹಿಳೆಯರ ಕೆಲಸವನ್ನು ಪ್ರಸ್ತಾಪಿಸಿದರು.

ಮೂರನೆಯದು ದೆಹಲಿಯದು. 2020ರ ಅಕ್ಟೋಬರ್‌ನಲ್ಲಿ ಮಾಳವೀಯ ನಗರದ ‘ಬಾಬಾ ಕಾ ಢಾಬಾ’ ಎಂಬ ಗೂಡಂಗಡಿಯ ವೃದ್ಧ ದಂಪತಿಯ ವಿಡಿಯೋವೊಂದು ದೇಶವಿಡೀ ಹರಡಿತು. ಮರುದಿನವೇ ಅಂಗಡಿಯ ಮುಂದೆ ಸಾಲು. ಡಿಸೆಂಬರ್‌ನಲ್ಲಿ ಅವರು ಒಂದು ರೆಸ್ಟೋರೆಂಟ್ ತೆರೆದರು. ಬಾಡಿಗೆ, ಕೆಲಸದವರ ಸಂಬಳ ಎಲ್ಲ ಸೇರಿದ ತಿಂಗಳ ಖರ್ಚಿನಷ್ಟು ವ್ಯಾಪಾರ ಆಗಲಿಲ್ಲ. 2021ರ ಫೆಬ್ರುವರಿ ವೇಳೆಗೆ ಅದು ಮುಚ್ಚಿ, ಅವರು ಮತ್ತೆ ಹಳೆಯ ಗೂಡಂಗಡಿಗೇ ಮರಳಿದರು. ನೋಡಲು ಬಂದ ಜನ ಬೇರೆ, ಊಟಕ್ಕೆ ಬರುವ ಗಿರಾಕಿ ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಫೋನಿನ ಕಾಲದಲ್ಲೂ ಹಳತಾಗಿಲ್ಲ.

ಸರಳ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿಯ ಅಂಕಿಗಳು ತರಗತಿಯ ಕರಿಹಲಗೆಯ ಮೇಲೆ ಬರೆಯುವಂಥವು. ಪ್ರತಿಯೊಬ್ಬರೂ ತಮ್ಮ ಅಂಗಡಿಯ ಅಂಕಿಗಳನ್ನು ಹಾಕಿಕೊಳ್ಳಬೇಕು.

ಹಳೇ ಯಲಹಂಕದ ಒಂದು ಮನೆಯಲ್ಲಿ ತಾಯಿ ಚಟ್ನಿಪುಡಿ, ಹಪ್ಪಳ ಮಾಡಿ ಮಾರುತ್ತಾರೆ ಎಂದುಕೊಳ್ಳೋಣ. ದ್ವಿತೀಯ ಪಿಯುಸಿಯ ಮಗಳು ಒಂದು ವಾರ 9 ಗಂಟೆ ಶ್ರಮಪಟ್ಟು ಒಂದು ರೀಲ್ ಮಾಡಿದಳು. 3,000 ಜನ ನೋಡಿದರು. 30 ಜನ ಬೆಲೆ ಕೇಳಿದರು. ಅವರಲ್ಲಿ ಹಲವರು ಬೇರೆ ಊರಿನವರು. ಕೊಂಡವರು 6 ಜನ. ಒಬ್ಬರಿಂದ 60 ರೂಪಾಯಿ ಲಾಭವೆಂದರೆ ಒಟ್ಟು 360 ರೂಪಾಯಿ. ಗಂಟೆಗೆ 40 ರೂಪಾಯಿ ಬಿತ್ತು.

ಮರುವಾರ ಅವಳು ವಾಟ್ಸಾಪ್ ಸ್ಟೇಟಸ್‌ನಲ್ಲಿ ಒಂದು ಚಿತ್ರ ಹಾಕಿ, ‘ಶನಿವಾರ ಹುರಿಗಡಲೆ ಚಟ್ನಿಪುಡಿ ತಾಜಾ ಸಿಗುತ್ತದೆ’ ಎಂದು ಒಂದು ಸಾಲು ಬರೆದಳು. ನೋಡಿದವರು ಹಳೆಯ ಗಿರಾಕಿಗಳು, 60 ಜನ. ಕೊಂಡವರು 12 ಜನ. ಲಾಭ 720 ರೂಪಾಯಿ. ಹಿಡಿದ ಸಮಯ, ಉತ್ತರಗಳೂ ಸೇರಿ, 1 ಗಂಟೆ.

ಮೊದಲನೆಯದರಲ್ಲಿ ನೋಡಿದವರಲ್ಲಿ ಕೊಂಡವರು ಶೇಕಡ 0.2, ಎರಡನೆಯದರಲ್ಲಿ ಶೇಕಡ 20. ನೂರು ಪಟ್ಟು ವ್ಯತ್ಯಾಸ. ಹಾಗೆಂದು ರೀಲ್ ವ್ಯರ್ಥವೆಂದು ತೀರ್ಮಾನಿಸಬಾರದು. ಆ 6 ಜನ ಹೊಸಬರು; ಅವರಲ್ಲಿ ಮೂವರು ಮತ್ತೆ ಬಂದರೂ ಹಳೆಯ ಗಿರಾಕಿಗಳ ಪಟ್ಟಿ ಬೆಳೆಯುತ್ತದೆ. ಹೊಸಬರನ್ನು ಕರೆಯುವುದು ಒಂದು ಕೆಲಸ, ಬಂದವರನ್ನು ಉಳಿಸಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ತಿಂಗಳಿಗೊಂದು ರೀಲ್ ಸಾಕು. ಎರಡನೆಯದಕ್ಕೆ ವಾರವಾರವೂ ಸ್ವಲ್ಪ ಸಮಯ ಬೇಕು. ಮೆಚ್ಚುಗೆಯ ಸಂಖ್ಯೆಯನ್ನಷ್ಟೇ ನೋಡುತ್ತಿದ್ದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕಾಗಿ ಒಂದು ನೋಟ್‌ಬುಕ್ ಇಡಬೇಕು. ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ‘ನಮ್ಮ ಅಂಗಡಿ ನಿಮಗೆ ಹೇಗೆ ತಿಳಿಯಿತು?’ ಎಂದು ಕೇಳಿ ಬರೆದಿಡಬೇಕು. ವಿಜ್ಞಾನದ ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ನೋಡುವುದು ಪದ್ಧತಿ. ಇಲ್ಲಿಯೂ ಹಾಗೆಯೇ. ಒಂದು ವಾರ ಬೆಳಿಗ್ಗೆ ಹಾಕಿ, ಮುಂದಿನ ವಾರ ಅದೇ ಬಗೆಯ ಚಿತ್ರವನ್ನು ಸಂಜೆ ಹಾಕಿ ನೋಡಲಿ. ಚಿತ್ರ, ಹೊತ್ತು, ಬೆಲೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ಬ್ರಹ್ಮನಿಗೂ ತಿಳಿಯದು.

ಹಾಕಬೇಕಾದದ್ದು ಏನು?

ದುಬಾರಿ ಕ್ಯಾಮರಾ ಬೇಕಿಲ್ಲ. ಫೋನಿನ ಮಸೂರವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಪದಾರ್ಥವನ್ನು ಕಿಟಕಿಯ ಪಕ್ಕದಲ್ಲಿಟ್ಟು, ಬೆಳಕು ಒಂದು ಬದಿಯಿಂದ ಬೀಳುವಂತೆ ತೆಗೆದರೆ ಅದರ ಉಬ್ಬುತಗ್ಗು, ಬಣ್ಣ ಸ್ಪಷ್ಟವಾಗಿ ಮೂಡುತ್ತವೆ. ಫ್ಲ್ಯಾಶ್ ಹಾಕಿದರೆ ನೆರಳೆಲ್ಲ ಅಳಿಸಿ ಹಪ್ಪಳ ಕಾಗದದಂತೆ ಕಾಣುತ್ತದೆ.

ಚಿತ್ರದ ಜೊತೆ ಐದು ಸಂಗತಿ ತಪ್ಪದೆ ಇರಲಿ: ಪದಾರ್ಥದ ಹೆಸರು, ತೂಕ ಅಥವಾ ಅಳತೆ, ಬೆಲೆ, ಸಿಗುವ ಜಾಗ, ಸಿಗುವ ಹೊತ್ತು. ‘ಬೆಲೆಗೆ ಸಂದೇಶ ಕಳುಹಿಸಿ’ ಎಂದು ಬರೆಯುವವರು ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಜಾಗವನ್ನು ಹೇಳುವಾಗ ಹಳೇ ಯಲಹಂಕವೋ ಯಲಹಂಕ ಉಪನಗರವೋ ಎಂಬುದನ್ನು ಬಿಡಿಸಿ ಹೇಳಬೇಕು. ಎಲ್ಲಿಯವರೆಗೆ ತಲುಪಿಸಲು ಸಾಧ್ಯ ಎಂಬುದನ್ನೂ ತಿಳಿಸಬೇಕು. ಸಂಜೆ ಆರರ ಹೊತ್ತಿಗೆ ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡು, ಅರ್ಧ ಗಂಟೆಯಲ್ಲಿ ತರುತ್ತೇವೆಂದು ಕೊಟ್ಟ ಮಾತು ತಪ್ಪುವುದಕ್ಕಿಂತ, ‘ನಾಳೆ ಬೆಳಿಗ್ಗೆ ಹತ್ತರೊಳಗೆ’ ಎಂದು ಹೇಳಿ ಒಂಬತ್ತಕ್ಕೇ ತಲುಪಿಸುವುದು ಲೇಸು.

ಗೂಗಲ್ ನಕ್ಷೆಯಲ್ಲಿ ಅಂಗಡಿಯನ್ನು ಗುರುತಿಸುವುದಕ್ಕೆ ಹಣ ಕೊಡಬೇಕಾಗಿಲ್ಲ. ವಿಳಾಸ, ತೆರೆಯುವ ಹೊತ್ತು, ರಜಾದಿನ ಅಲ್ಲಿ ಸರಿಯಾಗಿದ್ದರೆ ‘ಹತ್ತಿರದ ಟೈಲರ್’ ಎಂದು ಹುಡುಕುವವರು ನೇರವಾಗಿ ಬಾಗಿಲಿಗೇ ಬರುತ್ತಾರೆ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್ ಎಂಬ ಆ್ಯಪ್‌ನಲ್ಲಿ ಪದಾರ್ಥಗಳ ಪಟ್ಟಿಯನ್ನು ಬೆಲೆಸಹಿತ ಇಡಬಹುದು. ಅಂಗಡಿ ಮುಚ್ಚಿರುವಾಗ ತಾನಾಗಿ ಹೋಗುವ ಉತ್ತರವನ್ನೂ ಬರೆದಿಡಬಹುದು. ‘ಬ್ರಾಡ್‌ಕಾಸ್ಟ್’ ಮೂಲಕ ಹಲವರಿಗೆ ಒಮ್ಮೆಗೇ ಕಳುಹಿಸುವ ಸಂದೇಶ, ಅಂಗಡಿಯ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಆದ್ದರಿಂದ ‘ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ’ ಎಂದು ಕೇಳುವ ಎರಡು ಕ್ಷಣದ ಮಾತಿಗೆ ದೊಡ್ಡ ಬೆಲೆಯಿದೆ.

ತಿಂಡಿ ಮಾರುವವರು ಮನೆಯಲ್ಲೇ ತಯಾರಿಸಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆಯಬೇಕು. ಆ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸುವಂತೆ ಖಾತೆಯಲ್ಲೂ ಕಾಣಿಸಿದರೆ ಕೊಳ್ಳುವವರಿಗೆ ಧೈರ್ಯ. ‘ಈ ಪುಡಿ ತಿಂದರೆ ಸಕ್ಕರೆ ಕಾಯಿಲೆ ವಾಸಿ’ ಎಂಬಂಥ ಮಾತು ಬೇಡವೇ ಬೇಡ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಹಾಗೆಯೇ ಮದುವೆ ಹೆಣ್ಣಿನ ರವಿಕೆಯ ಚಿತ್ರವಿರಲಿ, ಹುಟ್ಟುಹಬ್ಬದ ಮಗುವಿನ ಚಿತ್ರವಿರಲಿ, ಮನೆಯವರನ್ನು ಕೇಳದೆ ಹಾಕಬಾರದು.

ಬೈದವರಿಗೆ ಉತ್ತರ

ಒಂದಲ್ಲ ಒಂದು ದಿನ ಯಾರೋ ‘ಹಪ್ಪಳ ಮೆತ್ತಗಿತ್ತು, ಹಣ ದಂಡ’ ಎಂದು ನಾಲ್ಕು ಜನರ ಮುಂದೆ ಬರೆಯುತ್ತಾರೆ. ಹದಿನೇಳು ವರ್ಷದ ಕೈ ಕೂಡಲೇ ಖಾರವಾಗಿ ಉತ್ತರಿಸಲು ಹಾತೊರೆಯುತ್ತದೆ. ಅಪ್ಪ ಅಮ್ಮನ ದುಡಿಮೆಯನ್ನು ಹೀಗಳೆದರೆ ಯಾವ ಮಗುವಿಗೆ ಸಿಟ್ಟು ಬಾರದು? ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಳಿಸಿದರೂ ಅಷ್ಟರಲ್ಲಿ ಯಾರೋ ಅದರ ಚಿತ್ರ ತೆಗೆದುಕೊಂಡಿರುತ್ತಾರೆ.

‘ತೊಂದರೆಯಾದದ್ದಕ್ಕೆ ಕ್ಷಮಿಸಿ. ಯಾವ ದಿನ ಕೊಂಡಿರಿ ತಿಳಿಸಿ. ಬೇರೆ ಪೊಟ್ಟಣ ಕೊಡುತ್ತೇವೆ, ಬೇಡವಾದರೆ ಹಣ ಹಿಂತಿರುಗಿಸುತ್ತೇವೆ’ ಎಂದು ಬರೆದು, ಮುಂದಿನ ಮಾತನ್ನು ಫೋನಿನಲ್ಲಿ ಆಡಬೇಕು. ಈ ಉತ್ತರ ಬೈದವರೊಬ್ಬರಿಗಲ್ಲ. ಅದನ್ನು ಓದುವ ನೂರು ಜನ ಈ ಅಂಗಡಿಯವರು ತಪ್ಪಾದಾಗ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅದರಿಂದಲೇ ಅಳೆಯುತ್ತಾರೆ. ನೆಂಟರಿಷ್ಟರಿಂದ ಸುಳ್ಳು ಹೊಗಳಿಕೆ ಬರೆಸುವುದು, ದುಡ್ಡು ಕೊಟ್ಟು ಫಾಲೋವರ್‌ಗಳನ್ನು ಕೊಳ್ಳುವುದು ತಾಣಗಳ ನಿಯಮಕ್ಕೇ ವಿರುದ್ಧ. ಅಷ್ಟೇ ಅಲ್ಲ, ಕೊಂಡ ಫಾಲೋವರ್ ಚಟ್ನಿಪುಡಿ ಕೊಳ್ಳುವುದಿಲ್ಲ.

ಮೋಸದ ಗಿರಾಕಿ

ತೆರೆದ ಬಾಗಿಲಿನಿಂದ ಕಳ್ಳರೂ ಬರಬಹುದು. ‘ನಾನು ಸೇನೆಯಲ್ಲಿದ್ದೇನೆ, ಕ್ಯಾಂಪಿಗೆ ಐವತ್ತು ಪೊಟ್ಟಣ ಬೇಕು’ ಎಂದು ದೊಡ್ಡ ಬೇಡಿಕೆಯಿಟ್ಟು, ಹಣ ಕಳುಹಿಸುವ ನೆಪದಲ್ಲಿ ಒಂದು ಕ್ಯೂಆರ್ ಸಂಕೇತ ಕಳುಹಿಸಿ ‘ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎನ್ನುವ ವಂಚನೆ ದೇಶದ ಹಲವೆಡೆ ನಡೆದಿದೆ. ವಾಯುಪಡೆಯ ನೆಲೆಯಿರುವ ಯಲಹಂಕದಂಥ ಕಡೆ ಇಂಥ ಕರೆ ನಿಜವೆಂದೇ ಅನ್ನಿಸಿಬಿಡುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಮನೆಮಂದಿಯೆಲ್ಲ ಬಾಯಿಪಾಠ ಮಾಡಬೇಕಾದ ನಿಯಮ ಒಂದೇ: ಯುಪಿಐ ಮೂಲಕ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಬಾಡಿಗೆ ಜಾಗ

ಇನ್ನೊಂದು ಎಚ್ಚರ. ಜಾಲತಾಣದ ಖಾತೆ ನಮ್ಮ ಸ್ವಂತ ಮನೆಯಲ್ಲ, ಬಾಡಿಗೆ ಜಾಗ. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಅಲ್ಲಿ ವರ್ಷಗಟ್ಟಲೆ ಜನರನ್ನು ಕೂಡಿಸಿಕೊಂಡವರ ಅಭಿಮಾನಿ ಬಳಗ ಕೈತಪ್ಪಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಜಗತ್ತಿನಾದ್ಯಂತ ನಿಂತುಹೋದವು. ದುರಸ್ತಿಯ ವೇಳೆ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪನಿಯ ಗಣಕಗಳಿಗೆ ದಾರಿ ತೋರಿಸುವ ಮಾಹಿತಿಯೇ ಅಂತರಜಾಲದಿಂದ ಮರೆಯಾಗಿತ್ತು. ಊರು ಇದ್ದಲ್ಲೇ ಇತ್ತು. ಅಲ್ಲಿಗೆ ದಾರಿ ತೋರಿಸುವ ಕೈಮರಗಳು ಇರಲಿಲ್ಲ.

ಹಾಗಾಗಿ ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ಅವರು ಸಾಮಾನ್ಯವಾಗಿ ಕೊಳ್ಳುವ ಪದಾರ್ಥ ಇಷ್ಟನ್ನೂ ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದು, ಬೇರೆಯವರ ಕೈಗೆ ಸಿಗದಂತೆ ಇಡಬೇಕು. ಹಳೆಯ ಕಾಲದ ವರ್ತಕರ ವಹಿಯಂತೆ ಇದು ಅಂಗಡಿಯ ಸ್ವಂತ ಆಸ್ತಿ.

ಬೀಗದ ಕೈ ಯಾರ ಬಳಿ?

ಕೊನೆಗೆ ಮನೆಯ ಮಾತು. ಫೋನು ಚೆನ್ನಾಗಿ ಗೊತ್ತಿರುವುದು ಮಕ್ಕಳಿಗೆ. ವ್ಯಾಪಾರ ಚೆನ್ನಾಗಿ ಗೊತ್ತಿರುವುದು ಹೆತ್ತವರಿಗೆ. ಯಾವ ಅವರೆ ಎಳೆಯದು, ಯಾವ ಬಟ್ಟೆ ತೊಳೆದರೆ ಕುಗ್ಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಮಗನ ಬಳಿ ಇರುವುದಿಲ್ಲ. ಆದ್ದರಿಂದ ಚಿತ್ರ ತೆಗೆಯುವುದು, ಪಟ್ಟಿ ಜೋಡಿಸುವುದು ಮಕ್ಕಳ ಪಾಲಿಗಿರಲಿ. ಗಿರಾಕಿಗಳಿಗೆ ಉತ್ತರಿಸುವುದು ಹೆತ್ತವರ ಪಾಲಿಗೆ ಬರಲಿ. ಬರೆಯಲು ಕಷ್ಟವಾದರೆ ಧ್ವನಿ ಸಂದೇಶವಿದೆ. ಸ್ವಂತ ದನಿಯಲ್ಲಿ ‘ಬನ್ನಿ ಅಕ್ಕ, ಶನಿವಾರ ಎತ್ತಿಟ್ಟಿರುತ್ತೇನೆ’ ಎಂದರೆ ಅದಕ್ಕಿಂತ ಒಳ್ಳೆಯ ಜಾಹೀರಾತು ಬೇಕೇ?

ಖಾತೆ ಹೆತ್ತವರ ದೂರವಾಣಿ ಸಂಖ್ಯೆಯಲ್ಲೇ ಇರಬೇಕು. ಗುಪ್ತಪದ ಅವರಿಗೂ ತಿಳಿದಿರಬೇಕು. ಎರಡು ಹಂತದ ಪರಿಶೀಲನೆಯನ್ನು ಅಳವಡಿಸಿರಬೇಕು. 13 ವರ್ಷ ತುಂಬದ ಮಕ್ಕಳಿಗೆ ಈ ತಾಣಗಳ ನಿಯಮವೇ ಖಾತೆ ಕೊಡುವುದಿಲ್ಲ ಎಂಬುದೂ ನೆನಪಿರಲಿ. ಭಾನುವಾರ ಒಂದು ಗಂಟೆ ಚಿತ್ರಗಳಿಗೆ, ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಉತ್ತರಗಳಿಗೆ ಎಂದು ವೇಳಾಪಟ್ಟಿ ಹಾಕಿಕೊಂಡರೆ ಸಣ್ಣ ಅಂಗಡಿಗೆ ಸಾಕು. ರಾತ್ರಿ ಹನ್ನೊಂದಕ್ಕೆ ಬಂದ ಪ್ರಶ್ನೆಗೆ ಬೆಳಿಗ್ಗೆ ಉತ್ತರ ಹೋದರೆ ಯಾವ ಗಿರಾಕಿಯೂ ಮುನಿಸಿಕೊಳ್ಳುವುದಿಲ್ಲ. ಪರೀಕ್ಷೆಯ ಮುನ್ನಾದಿನ ಹಪ್ಪಳದ ಬೆಲೆ ಹೇಳುತ್ತ ಕುಳಿತ ಮಗಳಿಗೆ ಆಗುವ ನಷ್ಟ ಯಾವ ವಹಿಯಲ್ಲೂ ದಾಖಲಾಗುವುದಿಲ್ಲ.

ಎರಡನೇ ಬಾಗಿಲು ಇರಲಿ, ಅದರಿಂದ ಒಳ್ಳೆಯದೇ ಆಗಿದೆ. ಆದರೆ ಮೊದಲನೇ ಬಾಗಿಲಿನಂತೆ ಅದಕ್ಕೂ ತೆರೆಯುವ ಹೊತ್ತಿರಲಿ, ಮುಚ್ಚುವ ಹೊತ್ತಿರಲಿ. ಕಲಿಸಿಕೊಡುವ ಕೆಲಸ ಮುಗಿದ ಮೇಲೆ ಮಕ್ಕಳು ಬೀಗದ ಕೈಯನ್ನು ಅಮ್ಮನ ಸೆರಗಿನ ತುದಿಗೇ ಮರಳಿ ಕಟ್ಟಿ, ಪುಸ್ತಕ ತೆರೆದು ಕುಳಿತುಕೊಳ್ಳಲಿ.